ಕಲೆ, ಬರೆ, ಕಳಂಕ

ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ನಮ್ಮ ಯುವಮಿತ್ರರು ಸ್ಟೇನ್, ಬ್ಲಾಟ್, ಬ್ರ್ಯಾಂಡ್, ಸ್ಟಿಗ್ಮಾ ಎಲ್ಲಕ್ಕೂ ‘ಕಳಂಕ’ ಎಂದು ಹೇಳಿ ಮುಗಿಸುವುದುಂಟು. ಅವು ಒಂದೇ ಅಲ್ಲ. ಸ್ಟೇನ್ ಬಟ್ಟೆಗೆ ಹತ್ತಿದ ಕಲೆ, ಒಗೆದರೆ ಹೋದೀತು. ಬ್ಲಾಟ್ ಕಾಗದದ ಮೇಲೆ ಚೆಲ್ಲಿದ ಮಸಿ, ಒಳ್ಳೆಯ ಹೆಸರಿನ ನಡುವೆ ಒಂದು ಕಪ್ಪು ಚುಕ್ಕೆ. ಬ್ರ್ಯಾಂಡ್ ಕಾದ ಕಬ್ಬಿಣದಿಂದ ದನಕ್ಕೆ ಹಾಕುವ ಬರೆ. ಅದೇ ಶಬ್ದ ಈಗ ಅಂಗಿ, ಬೂಟಿನ ಮೇಲೆ ಪ್ರತಿಷ್ಠೆಯಾಗಿದೆ!

ಸ್ಟಿಗ್ಮಾ ಗ್ರೀಕ್ ಮೂಲದ್ದು: ಓಡಿಹೋಗಿ ಸಿಕ್ಕಿಬಿದ್ದ ಗುಲಾಮನಿಗೆ ಚುಚ್ಚಿದ ಹಚ್ಚೆ. ನಮ್ಮ ದೇಶದಲ್ಲೂ ಬ್ರಿಟಿಷರು ಕೈದಿಗಳ ಹಣೆಗೆ ಹಚ್ಚೆ ಹಾಕಿಸುತ್ತಿದ್ದರು. ಅದು ನಿಂತದ್ದು 1849ರಲ್ಲಿ.

ಇಂದು ಸ್ಟಿಗ್ಮಾ ತಪ್ಪು ಮಾಡದವರಿಗೂ ಅಂಟುತ್ತದೆ. ಚೆಂಬೂರಿಗೆ ಸಮೀಪದ ವಡಾಲದಲ್ಲಿ 1890ರಲ್ಲಿ ಸ್ಥಾಪನೆಯಾದ ಆಕ್ವರ್ತ್ ಕುಷ್ಠರೋಗ ಆಸ್ಪತ್ರೆಯಿದೆ. 1980ರ ದಶಕದಲ್ಲೇ ಈ ರೋಗಕ್ಕೆ ಪೂರ್ಣ ಗುಣಪಡಿಸುವ ಬಹುಔಷಧ ಚಿಕಿತ್ಸೆ ಬಂತು. ಆದರೆ ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವೆಂದು ಒಪ್ಪುತ್ತಿದ್ದ ಕಾನೂನು ತಿದ್ದುಪಡಿಯಾದದ್ದು 2019ರಲ್ಲಿ!

ಚೌತಿಯ ಚಂದ್ರನನ್ನು ನೋಡಿದ ಕೃಷ್ಣನಿಗೆ ಬಂದದ್ದು ಅಪವಾದ; ಸ್ಯಮಂತಕ ಮಣಿ ಸಿಕ್ಕೊಡನೆ ಅದು ತೊಳೆದುಹೋಯಿತು. ಚಂದ್ರನ ಮೈಮೇಲೆ ಉಳಿದಿರುವುದು ಕಳಂಕ. ಸ್ಟಿಗ್ಮಾವನ್ನು ಪತ್ರಿಕೆಗಳು ‘ಸಾಮಾಜಿಕ ಕಳಂಕ’ ಎನ್ನುತ್ತವೆ. ನನಗೆ ‘ಹಣೆಪಟ್ಟಿ’ಯೇ ಹೆಚ್ಚು ಸರಿಯೆನಿಸುತ್ತದೆ. ಅದನ್ನು ಯಾರೂ ತಾವಾಗಿ ಕಟ್ಟಿಕೊಳ್ಳುವುದಿಲ್ಲವಲ್ಲ.