ಅಂದು ಹಾಡಿಗೆ ಬರ, ಇಂದು ವೇದಿಕೆಗೆ ಬರ

ಕೊಪ್ಪಳ: ಬ್ರಿಟನ್ನಿನ ಮೆಟಲ್ ಗಾಯಕ ಓಜಿ ಓಸ್ಬೋರ್ನ್ 2025ರ ಜುಲೈ 22ರಂದು ತಮ್ಮ 76ನೇ ವಯಸ್ಸಿನಲ್ಲಿ ನಿಧನರಾದಾಗ ಕೊಪ್ಪಳ ಜಿಲ್ಲೆಯಲ್ಲಿ ಮರುಗಿದವರ ಸಂಖ್ಯೆ ದೊಡ್ಡದಾಗಿರಲಿಕ್ಕಿಲ್ಲ. ಆದರೆ ಗಂಗಾವತಿ, ಕುಷ್ಟಗಿ, ಯಲಬುರ್ಗಾದಂತಹ ಊರುಗಳಲ್ಲಿ ಬೆಳೆದು, ಹದಿಹರೆಯದಲ್ಲೇ ರಾಕ್ ಮತ್ತು ಮೆಟಲ್ ಸಂಗೀತದ ರುಚಿ ಹತ್ತಿಸಿಕೊಂಡ ಕೆಲವರಿಗೆ ಅದು ಮನೆಯ ಹಿರಿಯರೊಬ್ಬರನ್ನು ಕಳೆದುಕೊಂಡಂತಹ ನೋವು. ಈ ವರದಿಗಾರನೂ ಅವರಲ್ಲೊಬ್ಬ. ಅಂದಿನ ಸಂಗೀತ ಮೇಲೋ, ಇಂದಿನದು ಮೇಲೋ ಎಂಬ ಹಳೆಯ ಚರ್ಚೆ ಗೆಳೆಯರ ನಡುವೆ ಆ ದಿನ ಮತ್ತೆ ಎದ್ದಿತು. ನಿಜಕ್ಕೂ ಬದಲಾದದ್ದು ಏನು?

ಕಾರ್ಖಾನೆಯಿಂದ ಬಂದ ನಾದ

ರಾಕ್ ಸಂಗೀತ 1950ರ ದಶಕದಲ್ಲಿ ಅಮೆರಿಕದಲ್ಲಿ, ಮುಖ್ಯವಾಗಿ ಕಪ್ಪು ಜನರ ಬ್ಲೂಸ್ ಹಾಡುಗಳ ಬುನಾದಿಯ ಮೇಲೆ ಬೆಳೆಯಿತು. ಅದರ ಒಂದು ಕವಲಾದ ಹೆವಿ ಮೆಟಲ್‌ನ ತವರು ಇಂಗ್ಲೆಂಡಿನ ಕೈಗಾರಿಕಾ ನಗರ ಬರ್ಮಿಂಗ್‌ಹ್ಯಾಮ್ ಎನ್ನಲಾಗುತ್ತದೆ. ಓಜಿ ಗಾಯಕರಾಗಿದ್ದ ‘ಬ್ಲ್ಯಾಕ್ ಸಬ್ಬತ್’ ತಂಡದ ಮೊದಲ ಆಲ್ಬಮ್ ಅಲ್ಲಿಂದ ಹೊರಬಂದದ್ದು 1970ರ ಫೆಬ್ರುವರಿ 13ರಂದು.

ಆ ತಂಡದ ಗಿಟಾರ್ ವಾದಕ ಟೋನಿ ಅಯೋಮಿ 17ನೇ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಸಿಲುಕಿ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡಿದ್ದರು. ಎಡಚರಾದ ಅವರಿಗೆ ತಂತಿ ಒತ್ತುವ ಕೈ ಅದೇ ಆಗಿತ್ತು. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ ಅವರು, ಮುಂದೆ ತಂತಿಗಳನ್ನು ಸಡಿಲಿಸಿ ಶ್ರುತಿಯನ್ನೂ ಇಳಿಸಿದರು. ತಗ್ಗಿದ ಶ್ರುತಿಯ ಆ ಭಾರವಾದ ನಾದವೇ ಮೆಟಲ್‌ನ ಗುರುತಾಯಿತು. ವರ್ಧಕವನ್ನು ಮಿತಿಮೀರಿ ದುಡಿಸಿದಾಗ ಹುಟ್ಟುವ ಒಡಕು ದನಿ ಅದಕ್ಕೆ ಜೊತೆಯಾಯಿತು.

ಹಲಿಗೆಯ ನಾಡಿನಲ್ಲಿ

‘ಇದು ಸಂಗೀತವಲ್ಲ, ಗದ್ದಲ’ ಎಂಬ ಮಾತನ್ನು ನಮ್ಮ ಭಾಗದ ಪ್ರತಿಯೊಬ್ಬ ಮೆಟಲ್ ಅಭಿಮಾನಿಯೂ ಮನೆಯಲ್ಲಿ ಕೇಳಿಯೇ ಇರುತ್ತಾನೆ. ಆದರೆ ಮೊಹರಂ ರಾತ್ರಿಯ ಹಲಿಗೆ, ಜಾತ್ರೆಯ ಕರಡಿ ಮಜಲುಗಳನ್ನು ಎದೆಯೊಳಗೆ ತುಂಬಿಕೊಂಡು ಬೆಳೆದ ಹುಡುಗನಿಗೆ ಮೆಟಲ್‌ನ ಡ್ರಮ್ ತೀರಾ ಪರಕೀಯವೆನಿಸುವುದಿಲ್ಲ. ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ 2021ರಲ್ಲಿ ಸೇರಿದ ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್‌ನ ಬೃಹತ್ ಶಿಲಾಯುಗದ ನೆಲೆಯಲ್ಲಿ, ಬಡಿದರೆ ನಗಾರಿಯಂತೆ ಮೊಳಗುವ ಬಂಡೆಯೊಂದಿದೆ. ದೂರದವರೆಗೆ ಕೇಳುವ ದೊಡ್ಡ ದನಿಯ ಹಂಬಲ ಈ ನೆಲಕ್ಕೆ ಹೊಸದಲ್ಲ.

ಒಂದು ಕ್ಯಾಸೆಟ್, ಹತ್ತು ಕೈ

ಅಂದು ಇದ್ದ ಕೊರತೆ ಹಾಡುಗಳದ್ದು. 2000ದ ದಶಕದ ಆರಂಭದಲ್ಲಿ ನಮ್ಮ ಕ್ಯಾಸೆಟ್ ಅಂಗಡಿಗಳಲ್ಲಿ ಚಿತ್ರಗೀತೆ, ಭಕ್ತಿಗೀತೆ, ಜನಪದ ಗೀತೆಗಳ ಸಾಲು ಸಾಲೇ ಇರುತ್ತಿದ್ದವು. ಇಂಗ್ಲಿಷ್ ರಾಕ್ ಬೇಕೆಂದರೆ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋದವರ ಕೈಯಲ್ಲಿ ತರಿಸಬೇಕಿತ್ತು. ಬಂದ ಒಂದು ಕ್ಯಾಸೆಟ್ ಹತ್ತು ಕೈ ದಾಟಿ, ಎರಡು ಡೆಕ್‌ಗಳ ಟೇಪ್ ರೆಕಾರ್ಡರಿನಲ್ಲಿ ಪ್ರತಿಯಾಗಿ, ಪ್ರತಿಯ ಪ್ರತಿಯಾಗಿ ಹಂಚಿಹೋಗುತ್ತಿತ್ತು. ಪ್ರತಿ ಸಲವೂ ಸದ್ದು ಇನ್ನಷ್ಟು ಮಸುಕಾಗುತ್ತಿತ್ತು. 1993ರಲ್ಲಿ ಅಲಹಾಬಾದಿನಲ್ಲಿ ಆರಂಭವಾದ ‘ರಾಕ್ ಸ್ಟ್ರೀಟ್ ಜರ್ನಲ್’ ಪತ್ರಿಕೆಯ ಹಳೆಯ ಸಂಚಿಕೆ ಕೈಗೆ ಸಿಕ್ಕರೆ ಅದೇ ಪಠ್ಯಪುಸ್ತಕ.

ಹಾಡು ದಾಟಿಸಲು ಹೋದರೆ ರೀಲು ಸಿಕ್ಕಾದೀತು ಎಂಬ ಭಯದಿಂದ ಎರಡೂ ಬದಿಯನ್ನು ಪೂರ್ತಿ ಕೇಳುತ್ತಿದ್ದೆವು. ಮೊದಲ ಸಲ ಇಷ್ಟವಾಗದ ಹಾಡು ಹತ್ತನೆಯ ಸಲ ಪ್ರಿಯವಾಗುತ್ತಿತ್ತು. ಬೇರೆ ದಾರಿ ಇರಲಿಲ್ಲವಷ್ಟೆ.

ಕಣ್ಣಾರೆ ಕಾಣಬೇಕೆಂದರೆ ಸುಮಾರು 350 ಕಿ.ಮೀ. ದೂರದ ಬೆಂಗಳೂರಿಗೇ ಹೋಗಬೇಕು. ಅರಮನೆ ಮೈದಾನದಲ್ಲಿ ‘ರೋಲಿಂಗ್ ಸ್ಟೋನ್ಸ್’ 2003ರಲ್ಲಿ, ‘ಐರನ್ ಮೇಡನ್’ 2007ರ ಮಾರ್ಚ್ 17ರಂದು ಹಾಡಿದವು. ಆ ಮಾರ್ಚ್‌ನಲ್ಲಿ ಪರೀಕ್ಷೆಯ ಕಾರಣಕ್ಕೆ ಹೋಗಲಾಗದೆ, ಹೋಗಿ ಬಂದವರ ಮಾತನ್ನು ತಿಂಗಳುಗಟ್ಟಲೆ ಕೇಳಿದ್ದೇ ಈ ವರದಿಗಾರನ ಪಾಲಿಗೆ ಬಂದದ್ದು. ‘ಮೆಟಾಲಿಕಾ’ದ ಗುಡಗಾಂವ್ ಕಾರ್ಯಕ್ರಮ ರದ್ದಾದ ಎರಡೇ ದಿನಕ್ಕೆ, 2011ರ ಅಕ್ಟೋಬರ್ 30ರಂದು, ಆ ತಂಡ ಬೆಂಗಳೂರಿನಲ್ಲಿ ನುಡಿಸಿದಾಗ ಮಾತ್ರ ಹಂಪಿ ಎಕ್ಸ್‌ಪ್ರೆಸ್‌ನ ಸಾಮಾನ್ಯ ಬೋಗಿಯಲ್ಲಿ ನಿಂತೇ ಹೋದದ್ದಾಯಿತು. ಅಲ್ಲಿ ಪಕ್ಕದಲ್ಲಿ ನಿಂತು ಕೂಗುತ್ತಿದ್ದವನು ಕುಷ್ಟಗಿಯವನೆಂದು ತಿಳಿದ ಕ್ಷಣದ ಸಂತೋಷ ಇಂದಿಗೂ ಮಾಸಿಲ್ಲ.

ಕೈತುಂಬ ಹಾಡು

2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಸೇವೆ ಆರಂಭವಾಗಿ ಮೊಬೈಲ್ ಡೇಟಾ ಅಗ್ಗವಾಯಿತು. 2019ರ ಫೆಬ್ರುವರಿಯಲ್ಲಿ ಸ್ಪಾಟಿಫೈ ಭಾರತಕ್ಕೆ ಬಂತು. ಯಲಬುರ್ಗಾದ ಹೊಲದ ಬದುವಿನಲ್ಲಿ ಕುಳಿತವನಿಗೂ ಬರ್ಮಿಂಗ್‌ಹ್ಯಾಮ್‌ನವನಿಗೂ ಇಂದು ಒಂದೇ ಭಂಡಾರ ತೆರೆದಿದೆ. ಇದು ಸಣ್ಣ ಲಾಭವಲ್ಲ.

ಆದರೆ ಕೇಳುವ ರೀತಿ ಬದಲಾದಂತೆ ಹಾಡು ಕಟ್ಟುವ ರೀತಿಯೂ ಬದಲಾಗಿದೆ. ಸ್ಪಾಟಿಫೈನಲ್ಲಿ ಹಾಡು 30 ಸೆಕೆಂಡು ಕೇಳಲ್ಪಟ್ಟರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಹೀಗಾಗಿ ಕೇಳುಗನನ್ನು ಮೊದಲ ಅರ್ಧ ನಿಮಿಷದಲ್ಲೇ ಹಿಡಿಯುವ ಆತುರ ಹೆಚ್ಚಿದೆ. ನಿಧಾನವಾಗಿ ತೆರೆದುಕೊಳ್ಳುವ ದೀರ್ಘ ಪೀಠಿಕೆಗೆ ಇದು ಒಳ್ಳೆಯ ಕಾಲವಲ್ಲ.

ಹಾಗೆಂದು ಹಳೆಯದೆಲ್ಲ ಚಿನ್ನವೂ ಅಲ್ಲ. ಸಿ.ಡಿ. ಯುಗದಲ್ಲಿ ತಮ್ಮ ಹಾಡೇ ಹೆಚ್ಚು ಜೋರಾಗಿ ಕೇಳಲೆಂದು ಮೆಲುದನಿ ಮತ್ತು ಗಟ್ಟಿದನಿಗಳ ಅಂತರವನ್ನೇ ಅಳಿಸಿಹಾಕುವ ಪೈಪೋಟಿ ನಡೆದಿತ್ತು. ಮೆಟಾಲಿಕಾದ 2008ರ ಆಲ್ಬಮ್ ‘ಡೆತ್ ಮ್ಯಾಗ್ನೆಟಿಕ್’ ಇದೇ ಕಾರಣಕ್ಕೆ ಟೀಕೆಗೆ ಗುರಿಯಾಯಿತು. ಅದೇ ಹಾಡುಗಳು ‘ಗಿಟಾರ್ ಹೀರೊ’ ಎಂಬ ವಿಡಿಯೊ ಆಟದಲ್ಲಿ ಹೆಚ್ಚು ಸ್ಪಷ್ಟವಾಗಿವೆ ಎಂದು ಕೇಳುಗರು ಪತ್ತೆಹಚ್ಚಿದರು. ಸ್ಟ್ರೀಮಿಂಗ್ ಸೇವೆಗಳು ಇಂದು ಎಲ್ಲ ಹಾಡುಗಳ ಗಟ್ಟಿತನವನ್ನು ಸಮೀಪದ ಮಟ್ಟಕ್ಕೆ ತರುವುದರಿಂದ ಆ ಪೈಪೋಟಿಯ ಲಾಭ ತಗ್ಗಿದೆ.

ಇನ್ನೊಂದು ಮಾತೂ ಇದೆ. ಹದಿಹರೆಯದಿಂದ ಇಪ್ಪತ್ತರ ಹರೆಯದವರೆಗಿನ ನೆನಪುಗಳು ಬಾಳಿನ ಉಳಿದ ಕಾಲದವಕ್ಕಿಂತ ಗಾಢವಾಗಿ ಉಳಿಯುತ್ತವೆ ಎನ್ನುತ್ತಾರೆ ಮನೋವಿಜ್ಞಾನಿಗಳು. ಆಗ ಕೇಳಿದ ಹಾಡೂ ಅವುಗಳೊಂದಿಗೆ ಅಂಟಿಕೊಳ್ಳುತ್ತದೆ. ‘ನಮ್ಮ ಕಾಲದ ಸಂಗೀತ’ ಎಂದು ನಾವು ಹೊಗಳುವುದರಲ್ಲಿ ಒಂದು ಪಾಲು ನಮ್ಮ ಯೌವನದ ಹೊಗಳಿಕೆಯೇ ಆಗಿರುತ್ತದೆ.

ಉಳಿದಿರುವ ಕೊರತೆ

ಗುಣಮಟ್ಟ ಕುಸಿಯಿತೆಂಬ ದೂರಿಗೆ ನಮ್ಮ ದೇಶದ ತಂಡಗಳೇ ಉತ್ತರ ನೀಡಿವೆ. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಕ್ರಿಪ್ಟೋಸ್’ ತಂಡ 2013ರಲ್ಲಿ ಜರ್ಮನಿಯ ಪ್ರಸಿದ್ಧ ವಾಕೆನ್ ಮೆಟಲ್ ಉತ್ಸವದಲ್ಲಿ ನುಡಿಸಿತು. ಢೋಲಿನ ತಾಳವನ್ನು ಮೆಟಲ್‌ಗೆ ಬೆಸೆದ ದೆಹಲಿಯ ‘ಬ್ಲಡಿವುಡ್’ 2019ರಲ್ಲಿ ಅದೇ ವೇದಿಕೆಯೇರಿತು. ಢೋಲಿಗೆ ಸಾಧ್ಯವಾದದ್ದು ಹಲಿಗೆಗೆ ಏಕೆ ಸಾಧ್ಯವಾಗಬಾರದು?

ಇಲ್ಲಿಯೇ ನಮ್ಮ ಜಿಲ್ಲೆಯ ಪ್ರಶ್ನೆ ಎದುರಾಗುತ್ತದೆ. ಯುಟ್ಯೂಬ್ ನೋಡಿ ಗಿಟಾರ್ ಕಲಿಯುವ ಹುಡುಗ ಹುಡುಗಿಯರಿಗೆ ಈಗ ಗುರುವಿನ ಕೊರತೆ ಮೊದಲಿನಷ್ಟಿಲ್ಲ, ಹಾಡಿನ ಕೊರತೆ ಇಲ್ಲವೇ ಇಲ್ಲ. ಕಲಿತದ್ದನ್ನು ನಾಲ್ಕು ಜನರ ಮುಂದೆ ನುಡಿಸುವ ಜಾಗ ಮಾತ್ರ ಸಿಗುವುದಿಲ್ಲ. ಅದಕ್ಕಾಗಿ ಅವರು ಇಂದಿಗೂ ಬೆಂಗಳೂರಿನ ರೈಲನ್ನೇ ಹತ್ತಬೇಕು. ಹಾಡಿಗಿದ್ದ ದೂರ ಅಳಿಯಿತು. ವೇದಿಕೆಗಿರುವ ದೂರ ಹಾಗೆಯೇ ಉಳಿಯಿತು.

ಆನೆಗೊಂದಿ, ಕನಕಗಿರಿ ಉತ್ಸವಗಳು ನಡೆದಾಗ ದೊಡ್ಡ ವೇದಿಕೆ, ಧ್ವನಿವರ್ಧಕ, ದೀಪಗಳೆಲ್ಲ ಸಿದ್ಧವಾಗಿರುತ್ತವೆ. ಹೆಸರಾಂತ ಗಾಯಕರು ಬರುವ ಮುನ್ನ ಜಿಲ್ಲೆಯ ಯುವ ತಂಡಗಳಿಗೆ ಅರ್ಧ ಗಂಟೆ ಬಿಟ್ಟುಕೊಟ್ಟರೆ ಬೊಕ್ಕಸಕ್ಕೆ ದೊಡ್ಡ ಹೊರೆಯಾಗದು. ಗಿಟಾರಿನ ಪಕ್ಕದಲ್ಲಿ ಒಬ್ಬ ಹಲಿಗೆ ಕಲಾವಿದ ನಿಂತರೆ ಇನ್ನೂ ಒಳ್ಳೆಯದು. ‘ಗದ್ದಲ’ ಎನ್ನುವವರು ಆಗಲೂ ಇರುತ್ತಾರೆ. ಆದರೆ ಮುಂದಿನ ಸಾಲಿನಲ್ಲಿ ನಿಂತು ಕೇಳುವ ಹುಡುಗನೊಬ್ಬನಿಗೆ, ಇದು ನಮ್ಮೂರಲ್ಲೂ ಆಗುವಂಥದ್ದು ಎಂಬ ಧೈರ್ಯ ಬರುತ್ತದೆ.