ಮೂಲಪ್ರತಿ ಯಾವುದು?

ಪ್ರತಿಗಳು ಹೆಚ್ಚಿದಷ್ಟೂ ಗ್ರಂಥ ಉಳಿಯುತ್ತದೆ, ಪಾಠಾಂತರಗಳೂ ಹೆಚ್ಚುತ್ತವೆ ಎಂಬುದು ಹಸ್ತಪ್ರತಿಗಳೊಡನೆ ಕೆಲಸ ಮಾಡಿದವರೆಲ್ಲರೂ ಬಲ್ಲ ಸಂಗತಿ. ಮನೆಮನೆಯ ಛಾಯಾಚಿತ್ರಗಳಿಗೂ ಈಗ ಅದೇ ಗತಿ ಒದಗಿದೆ. ಒಂದೇ ಮದುವೆಯ ಚಿತ್ರ ಮಗನ ಲ್ಯಾಪ್‌ಟಾಪಿನಲ್ಲೊಂದು, ಸೊಸೆಯದರಲ್ಲೊಂದು, ನನ್ನ ಕಂಪ್ಯೂಟರಿನಲ್ಲಿ ಮತ್ತೊಂದು. ಒಂದರ ಅಂಚನ್ನು ಕತ್ತರಿಸಿದೆ. ಇನ್ನೊಂದರ ಬಣ್ಣವನ್ನು ತಿದ್ದಿದೆ. ವಾಟ್ಸಾಪಿನಲ್ಲಿ ಹಾದುಬಂದದ್ದು ಕುಗ್ಗಿಹೋಗಿ, ತೆಗೆದ ದಿನಾಂಕವನ್ನೂ ಕಳೆದುಕೊಂಡಿದೆ. ಇವುಗಳಲ್ಲಿ ಮೂಲ ಯಾವುದು?

ಈ ಗೊಂದಲಕ್ಕೆಂದೇ ಮನೆಯ ಜಾಲಕ್ಕೆ ಸೇರಿಸುವ ಒಂದು ಸಂಗ್ರಹಪೆಟ್ಟಿಗೆ ಉಂಟು. ಬಳಕೆಯಲ್ಲಿ ಅದಕ್ಕೆ ‘ನ್ಯಾಸ್’ ಎನ್ನುತ್ತಾರೆ. ಎರಡೋ ನಾಲ್ಕೋ ಹಾರ್ಡ್ ಡಿಸ್ಕುಗಳನ್ನು ಒಳಗಿಟ್ಟುಕೊಂಡು ರೂಟರಿಗೆ ಅಂಟಿಕೊಂಡಿರುವ ಪುಟ್ಟ ಕಂಪ್ಯೂಟರು ಅದು. ಮನೆಯ ಉಳಿದ ಕಂಪ್ಯೂಟರುಗಳೆಲ್ಲವೂ ಅದನ್ನು ತಮ್ಮದೇ ಕಪಾಟಿನಂತೆ ತೆರೆಯಬಲ್ಲವು. ಮೂಲಚಿತ್ರಗಳನ್ನು ಅದರಲ್ಲಿ ವರ್ಷವಾರು ಇಟ್ಟರೆ ಅರ್ಧ ಕೆಲಸ ಮುಗಿಯಿತು.

ಇನ್ನರ್ಧವೇ ಕಷ್ಟದ್ದು. ಗ್ರಂಥಾಲಯದಲ್ಲಿ ಪುಸ್ತಕ ಬೇರೆ, ಅದರ ಸೂಚಿ ಬೇರೆ. ಲೈಟ್‌ರೂಮ್ ಕ್ಲಾಸಿಕ್‌ನಂಥ ತಂತ್ರಾಂಶಗಳೂ ಹಾಗೆಯೇ: ನಾವು ಮಾಡಿದ ತಿದ್ದುಪಡಿ, ಕೊಟ್ಟ ಹೆಸರು, ಆರಿಸಿದ ಗುರುತು ಇವೆಲ್ಲ ಪ್ರತ್ಯೇಕ ಸೂಚಿಯಲ್ಲಿ ಸೇರುತ್ತವೆ. ಚಿತ್ರಗಳು ಪೆಟ್ಟಿಗೆಯಲ್ಲಿರಬಹುದು, ಸೂಚಿಯನ್ನು ಅಲ್ಲಿಟ್ಟು ತೆರೆಯಲು ಆ ತಂತ್ರಾಂಶ ಒಪ್ಪುವುದಿಲ್ಲ. ಇದು ಹಟವಲ್ಲ, ಇಬ್ಬರು ಏಕಕಾಲದಲ್ಲಿ ಒಂದೇ ದಫ್ತರದಲ್ಲಿ ಬರೆದರೆ ಅದು ಕೆಡುವ ಭಯವಿದೆ. ಆದುದರಿಂದ ಮನೆಗೊಬ್ಬ ಗ್ರಂಥಪಾಲಕ ಬೇಕು. ಉಳಿದವರು ಓದುಗರಾಗಿದ್ದರೆ ಕ್ಷೇಮ. (ನಮ್ಮಲ್ಲಿ ಆ ಹುದ್ದೆ ಸೊಸೆಯದು, ನಿವೃತ್ತನಿಗೆ ಕೊಡಲಿಲ್ಲ.)

ಪೆಟ್ಟಿಗೆಯಲ್ಲಿ ಎರಡು ಡಿಸ್ಕುಗಳಿದ್ದು ಒಂದು ಇನ್ನೊಂದರ ಪ್ರತಿಬಿಂಬವಾಗಿದ್ದರೆ ಚಿತ್ರಗಳು ಸುರಕ್ಷಿತವೆಂದು ಅನೇಕರು ನಂಬುತ್ತಾರೆ. ಇಂಥ ಡಿಸ್ಕು ಜೋಡಣೆಗೆ ‘ರೇಡ್’ ಎಂಬ ಹೆಸರನ್ನು ನೆಲೆಗೊಳಿಸಿದ್ದು 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಟ್ಜ್ ಎಂಬ ಮೂವರು ಪ್ರಕಟಿಸಿದ ಪ್ರಬಂಧ. ಒಂದು ಡಿಸ್ಕು ಕೆಟ್ಟರೆ ಇನ್ನೊಂದು ಕೈಹಿಡಿಯುತ್ತದೆ, ನಿಜ. ಆದರೆ ಕನ್ನಡಿಗೆ ವಿವೇಕವಿಲ್ಲ. ಕೈತಪ್ಪಿ ಒಂದು ಕಡತಕೋಶವನ್ನು ಅಳಿಸಿದರೆ ಪ್ರತಿಬಿಂಬವೂ ಆ ಕ್ಷಣವೇ ಅಳಿಯುತ್ತದೆ.

1998ರಲ್ಲಿ ಪಿಕ್ಸಾರ್ ಸಂಸ್ಥೆಯಲ್ಲಿ ಯಾರೋ ಕೊಟ್ಟ ಒಂದು ಅಳಿಸುವ ಆಜ್ಞೆಯಿಂದ, ತಯಾರಾಗುತ್ತಿದ್ದ ‘ಟಾಯ್ ಸ್ಟೋರಿ 2’ ಚಿತ್ರದ ಕಡತಗಳು ಕಣ್ಣೆದುರೇ ಮಾಯವಾಗತೊಡಗಿದವು. ಕಾಪಿಟ್ಟ ಪ್ರತಿಯನ್ನು ಹುಡುಕಿದರೆ, ಆ ವ್ಯವಸ್ಥೆ ಸರಿಯಾಗಿ ನಡೆಯುತ್ತಲೇ ಇರಲಿಲ್ಲವೆಂಬುದು ತಿಳಿದುಬಂತು. ಚಿತ್ರವನ್ನು ಉಳಿಸಿದ್ದು ಗ್ಯಾಲಿನ್ ಸಸ್ಮನ್ ಎಂಬ ತಂತ್ರನಿರ್ದೇಶಕಿ. ಎಳೆಯ ಮಗುವಿದ್ದುದರಿಂದ ಮನೆಯಲ್ಲೇ ಕೆಲಸ ಮಾಡಲೆಂದು ಆಕೆ ಇರಿಸಿಕೊಂಡಿದ್ದ ಪ್ರತಿ.

ದೂರದಲ್ಲಿದ್ದ ಪ್ರತಿಯೇ ಉಳಿಯಿತೆಂಬುದನ್ನು ಗಮನಿಸಬೇಕು. ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ ಸೂತ್ರವೂ ಇದನ್ನೇ ಹೇಳುತ್ತದೆ: ಪ್ರತಿಗಳು ಮೂರು, ಮಾಧ್ಯಮಗಳು ಎರಡು, ಮನೆಯಾಚೆ ಒಂದು. ತಿಂಗಳಿಗೊಮ್ಮೆ ಪ್ರತಿ ತೆಗೆದ ಡಿಸ್ಕನ್ನು ಬೇರೆ ಊರಿನ ನೆಂಟರ ಬೀರುವಿನಲ್ಲಿಟ್ಟರೂ ಆದೀತು. ಅದರಿಂದ ಹತ್ತು ಚಿತ್ರಗಳನ್ನಾದರೂ ಆಗಾಗ ತೆರೆದು ನೋಡತಕ್ಕದ್ದು.

ಹೆಸರುಗಳನ್ನು ಮಾತ್ರ ಸೂಚಿಯಲ್ಲಷ್ಟೇ ಬಿಡದೆ, ಚಿತ್ರದ ಕಡತದೊಳಗಿನ ವಿವರಣೆಯ ಜಾಗದಲ್ಲೂ ಬರೆಯಿಸಿಡಿ. ತಂತ್ರಾಂಶ ಬದಲಾದರೂ ಅವು ಚಿತ್ರದ ಜೊತೆಗೇ ಸಾಗುತ್ತವೆ. ನಮ್ಮ ಸಂಗ್ರಹದ ಹಳೆಯ ಹನ್ನೊಂದು ಗುಂಪುಚಿತ್ರಗಳಲ್ಲಿ ‘ಎಡದಿಂದ ಮೂರನೆಯವರು, ತಿಳಿಯದು’ ಎಂಬಂಥ ಟಿಪ್ಪಣಿಗಳು ಇನ್ನೂ ಇವೆ. ಆ ಮುಖಗಳನ್ನು ಬಲ್ಲ ನನ್ನ ಸೋದರತ್ತೆಗೆ ಈಗ ಎಂಬತ್ತೊಂಬತ್ತು. ಬರುವ ವಾರ ಲ್ಯಾಪ್‌ಟಾಪ್ ಹಿಡಿದು ಅವರ ಊರಿಗೆ ಹೊರಟಿದ್ದೇವೆ.