ಸ್ಕ್ರೂ ನಿಲ್ಲದ ಹಲಗೆ

ಕಪಾಟಿನ ಬಾಗಿಲು ಜೋತುಬಿತ್ತೆಂದು ಸ್ಕ್ರೂ ಬಿಗಿ ಮಾಡಲು ಹೋದರೆ ಅದು ಸುಮ್ಮನೆ ಸುತ್ತುತ್ತಲೇ ಇರುತ್ತದೆ. ಬಿಚ್ಚಿ ನೋಡಿದರೆ ಥ್ರೆಡ್ಡಿನ ಸಂದಿಯಲ್ಲೆಲ್ಲ ಕಂದು ಪುಡಿ. ಇನ್ನಷ್ಟು ದಪ್ಪದ ಸ್ಕ್ರೂ ಹಾಕಿದರೆ ಕೆಲವು ದಿನ ನಿಂತೀತು, ಆಮೇಲೆ ಮತ್ತೆ ಅದೇ ಕಥೆ. ತೊಂದರೆ ಇರುವುದು ಹಲಗೆಯ ಹೊಟ್ಟೆಯಲ್ಲಿ.

ಬಿಡಿಬಿಡಿಯಾಗಿ ಡಬ್ಬದಲ್ಲಿ ಬಂದು ಮನೆಯಲ್ಲಿ ಜೋಡಿಸಿಕೊಳ್ಳುವ ಕಪಾಟು, ಮೇಜುಗಳಲ್ಲಿ ಬಹುಪಾಲು ಪಾರ್ಟಿಕಲ್ ಬೋರ್ಡಿನವು. ಸಾಮಿಲ್ಲಿನಲ್ಲಿ ವ್ಯರ್ಥವಾಗುವ ಮರವನ್ನು ಹಲಗೆಯಾಗಿಸುವ ದಾರಿಯನ್ನು 1930ರ ದಶಕದಲ್ಲಿ ರೂಪಿಸಿದವರಲ್ಲಿ ಜರ್ಮನಿಯ ಮ್ಯಾಕ್ಸ್ ಹಿಮ್ಮೆಲ್‌ಹೆಬರ್ ಪ್ರಮುಖ. ಮರದ ಚೂರಿಗೆ ಸಾಮಾನ್ಯವಾಗಿ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ಬೆರೆಸಿ, ಬಿಸಿ ಪ್ರೆಸ್ಸಿನಲ್ಲಿ ಒತ್ತುತ್ತಾರೆ. 18 ಮಿ.ಮೀ. ಹಲಗೆಯ ಕೊಯ್ದ ಅಂಚನ್ನು ಹತ್ತಿರದಿಂದ ನೋಡಿ: ಎರಡೂ ಮೈಗಳ ಪಕ್ಕ ನುಣ್ಣನೆಯ ಚೂರು ಒತ್ತೊತ್ತಾಗಿ ಕೂತಿರುತ್ತದೆ, ನಡುವೆ ದಪ್ಪ ಚೂರು, ಅಲ್ಲಲ್ಲಿ ಬರೀ ಸಂದು. ಹಲಗೆ ಬಾಗದಂತೆ ತಡೆಯುವುದು ಹೊರಮೈಗಳೇ ಆದ್ದರಿಂದ ಇದು ಜಾಣ ರಚನೆ. ಆದರೆ ಸ್ಕ್ರೂ ಕಚ್ಚಿಕೊಳ್ಳಲು ಮರದಲ್ಲಿರುವಂಥ ಉದ್ದನೆಯ ನಾರು ಇಲ್ಲಿಲ್ಲ. ಬಿಚ್ಚಿ ಹಾಕಿದಷ್ಟೂ ಚೂರುಗಳು ಸಡಿಲವಾಗುತ್ತವೆ. ಮನೆ ಬದಲಿಸಿದಾಗೆಲ್ಲ ಇಂಥ ಕಪಾಟು ಸೊರಗುವುದು ಇದಕ್ಕೇ.

ಹಾಗಾದರೆ ಅಲ್ಲಿ ಮರವನ್ನೇ ಕೂರಿಸಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ 8 ಮಿ.ಮೀ. ಮರದ ಡೋವೆಲ್, ಅಂದರೆ ದುಂಡನೆಯ ಗೂಟ, ಸಿಗುತ್ತದೆ. ಸಡಿಲವಾದ ತೂತನ್ನು ಅದೇ ಅಳತೆಯ ಬಿಟ್‌ನಿಂದ ಅಗಲಿಸಿ. ಬಿಟ್‌ಗೆ ತುದಿಯಿಂದ 12 ಮಿ.ಮೀ. ಮೇಲೆ ಟೇಪು ಸುತ್ತಿಕೊಂಡರೆ ಹಲಗೆಯ ಆಚೆ ಬದಿಗೆ ತೂತು ಬೀಳುವ ಭಯವಿಲ್ಲ. ಪುಡಿಯನ್ನು ಪೂರ್ತಿ ತೆಗೆದು, ಒಳಗೋಡೆಗೆಲ್ಲ ಫೆವಿಕಾಲ್ ಸವರಿ, ಡೋವೆಲ್ ಬಡಿದು ಕೂರಿಸಿ. ಅಂಟು ಸುತ್ತಲಿನ ಚೂರುಗಳ ಸಂದಿಗೂ ಇಳಿದು ಅವನ್ನು ಒಂದಾಗಿ ಹಿಡಿಯುತ್ತದೆ. ರಿಪೇರಿಯ ಅರ್ಧ ಬಲ ಅದರಲ್ಲಿದೆ. ಒಂದು ದಿನ ಒಣಗಲು ಬಿಟ್ಟು, ಉಳಿದ ತುದಿ ಕೊಯ್ದು, ಸ್ಕ್ರೂಗಿಂತ ಸಣ್ಣ ತೂತು ಕೊರೆದು ಕೈಯಿಂದಲೇ ತಿರುಗಿಸಿ. ಆತುರಕ್ಕೆ ಬೆಂಕಿಕಡ್ಡಿ ತುರುಕುವವರಿದ್ದಾರೆ. ಹಗುರ ಬಾಗಿಲಿಗೆ ಅದೂ ಸಾಕು, ಅಂಟು ಮಾತ್ರ ಇರಲೇಬೇಕು.

ನೀರು ಕುಡಿದ ಹಲಗೆಯ ವಿಷಯ ಬೇರೆ. ಪ್ರೆಸ್ಸಿನಲ್ಲಿ ಅಮುಕಿ ಚಪ್ಪಟೆಯಾಗಿದ್ದ ಚೂರುಗಳು ನೀರು ತಾಗಿದೊಡನೆ ಹಿಗ್ಗುತ್ತವೆ, ಅಂಟಿನ ಬೆಸುಗೆ ಹರಿಯುತ್ತದೆ. ಒಣಗಿದ ಮೇಲೂ ದಪ್ಪ ಪೂರ್ತಿ ಇಳಿಯುವುದಿಲ್ಲ. ಅಂಚು ಸ್ವಲ್ಪವೇ ಉಬ್ಬಿದ್ದರೆ ಚೆನ್ನಾಗಿ ಒಣಗಿಸಿ, ತೆಳು ಮಾಡಿದ ಅಂಟು ಇಳಿಸಿ, ಎರಡೂ ಬದಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಕ್ಲಾಂಪಿನಿಂದ ಬಿಗಿಯಿರಿ. ಅಂಟು ಒಣಗಿದ ಮೇಲೆ ಉಳಿದ ಉಬ್ಬನ್ನು ಉಜ್ಜುವಾಗ ಮಾಸ್ಕ್ ಬೇಕೇ ಬೇಕು, ಆ ಧೂಳಿನಲ್ಲಿ ಅಂಟೂ ಇರುತ್ತದೆ. ಸಿಂಕಿನ ಕೆಳಗೆ ಪೈಪಿಗಾಗಿ ಕೊರೆದ ತೂತಿನ ಅಂಚು ಸಾಮಾನ್ಯವಾಗಿ ಬರಿದಾಗೇ ಇರುತ್ತದೆ. ನೀರು ನುಗ್ಗುವುದು ಅಲ್ಲಿಂದಲೇ. ಅದಕ್ಕೆ ವಾರ್ನಿಷ್ ಬಳಿದು ಸಿಲಿಕಾನ್ ತುಂಬಿಸಿದರೆ ಕಪಾಟಿನ ಆಯಸ್ಸು ಹೆಚ್ಚುತ್ತದೆ.

ಪೂರ್ತಿ ಹಿಟ್ಟಾದ ಹಲಗೆಯನ್ನು ಬಚ್ಚಲ ಒಲೆಗೆ ಹಾಕಬೇಡಿ. ಅಂಟು, ಲ್ಯಾಮಿನೇಟ್ ಉರಿದಾಗ ಏಳುವ ಹೊಗೆ ಕಟ್ಟಿಗೆಯ ಹೊಗೆಗಿಂತ ಕೆಟ್ಟದ್ದು. ಹಿಂಜು, ಹಳಿ, ಹಿಡಿಕೆ ಬಿಚ್ಚಿಟ್ಟುಕೊಂಡು, ಅದೇ ಅಳತೆಗೆ ಪ್ಲೈವುಡ್ ತುಂಡು ಕೊಯ್ಸಿ ತಂದರೆ ಉಳಿದ ಕಪಾಟು ಹಾಗೇ ಬಳಕೆಗೆ ಬರುತ್ತದೆ.